ಸೀದ ಹಾಲಿನ ಸುಳ್ಳು

ನಮ್ಮ ಮನೆಯಲ್ಲಿ ದಿನದ ಮೊದಲ ಜಗಳ ತಿಂಡಿಯದ್ದು. ನನ್ನ ಗಂಡ ಭಾನುಪ್ರಕಾಶನಿಗೆ ಚಿತ್ರಾನ್ನ ಆಗಬೇಕು, ಅದೂ ಕಡಲೆಬೀಜ ಕೈಬಿಚ್ಚಿ ಹಾಕಿರಬೇಕು. ಮಗಳು ಸಿಂಚನಳಿಗೆ ದೋಸೆ ಬಿಟ್ಟರೆ ಬೇರೆಯದು ತಿಂಡಿಯೇ ಅಲ್ಲ. ಉಪ್ಪಿಟ್ಟು ಮಾಡಿದ ದಿನ ಇಬ್ಬರೂ ಸಾವಿನ ಮನೆಗೆ ಬಂದವರ ಹಾಗೆ ಮುಖ ಇಳಿಬಿಟ್ಟುಕೊಂಡು ಕೂರುತ್ತಾರೆ. ನನ್ನ ಅತ್ತೆ ಮುತ್ಯಾಲಮ್ಮನವರಿಗೆ ಮಾತ್ರ ವರ್ಷವಿಡೀ ಒಂದೇ, ರಾಗಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ. ಅವರೆಕಾಯಿ ಕಾಲದಲ್ಲಿ ರೊಟ್ಟಿಗೆ ಅವರೆಕಾಳು ಬೀಳುತ್ತದೆ, ಅಷ್ಟೇ ವ್ಯತ್ಯಾಸ.

"ಮಧ್ಯಾಹ್ನ ಏನಾದ್ರೂ ತಿನ್ನಿ, ರಾತ್ರಿ ಬಿಟ್ರೂ ಬಿಡಿ. ಬೆಳಿಗ್ಗೆ ಮಾತ್ರ ಬಿಸೀದು ಹೊಟ್ಟೆಗೆ ಬೀಳ್ಬೇಕು," ಎನ್ನುವುದು ಅತ್ತೆಯ ಮಾತು. ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ಈ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಮೂಲೆಯಲ್ಲಿ ನಾಚಿಕೊಂಡು ನಿಂತಿದ್ದೆ. ಮನೆ ತುಂಬ ನೆಂಟರು. ಅವರನ್ನೆಲ್ಲ ಬಿಟ್ಟು ಕಾವಲಿಯಿಂದ ಇಳಿದ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದವರು ಅವರು. ಇದನ್ನು ನಾನು ಮರೆಯಬಾರದಿತ್ತು.

ನನ್ನ ಬಾಯಿ ಕೆಟ್ಟದ್ದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ನಾನು ಎರಡೂ ಕಲಿತವಳಲ್ಲ. ಅದು ಡಿಸೆಂಬರಿನ ಒಂದು ಭಾನುವಾರ. ಎದ್ದವಳೇ ಈರುಳ್ಳಿ ಹೆಚ್ಚಿ, ರವೆ ಹುರಿದು, ಪ್ರೀತಿಯಿಂದಲೇ ಉಪ್ಪಿಟ್ಟು ಮಾಡಿದ್ದೆ. ನನ್ನ ಗಂಡ ಎರಡು ತುತ್ತು ತಿಂದು ತಟ್ಟೆ ಆಚೆ ತಳ್ಳಿದ.

"ಅಮ್ಮಾ, ನೀನೇ ಎರಡು ರೊಟ್ಟಿ ತಟ್ಟಮ್ಮ. ನಿನ್ನ ಕೈರುಚಿ ಈ ಮನೇಲಿ ಇನ್ಯಾರಿಗೂ ಬರಲ್ಲ."

ಅತ್ತೆ ಸಂಭ್ರಮದಿಂದ ಒಳಗೆ ಹೋಗಿ ರೊಟ್ಟಿ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ರೊಟ್ಟಿ ಮುಗಿಸಿ ಹೊರಗೆ ಬಂದ ಮೇಲೆ ನಾನು ಒಳಗೆ ಹೋಗಿ, ಕಾಫಿಗೆಂದು ಹಾಲಿಟ್ಟು, ಅದೇ ಸಿಟ್ಟಿನಲ್ಲಿ ಸೀರೆ ನೇಯುವ ನಮ್ಮ ಕರೆಂಟ್ ಮಗ್ಗದ ಕೋಣೆಗೆ ಹೋಗಿಬಿಟ್ಟೆ. ಮಗ್ಗ ಓಡುತ್ತಿದ್ದರೆ ನನಗೆ ಬೇರೆ ಜ್ಞಾನ ಇರುವುದಿಲ್ಲ. ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಕಲಾಗಿ ಹೊಗೆ ನಡುಮನೆಗೆ ಬಂದಿತ್ತು.

"ಯಾರು ಹಾಲಿಟ್ಟಿದ್ದು?" ಎಂದು ಗಂಡ ಕೂಗಾಡಿದ.

"ಇನ್ಯಾರು? ನಿಮ್ಮಮ್ಮನೇ!" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಅಲ್ಲಿಗೆ ನಿಲ್ಲಿಸಲೂ ಇಲ್ಲ. "ರೊಟ್ಟಿ ತಟ್ಟಿದ್ದು ಅವರೇ ತಾನೆ? ಅತ್ತೆ, ಇನ್ಮೇಲೆ ನೀವು ಅಡುಗೆಮನೆ ಹೊಸ್ತಿಲು ದಾಟ್ಬೇಡಿ. ಒಂದಿನ ಮನೇನೇ ಸುಟ್ಟುಹಾಕ್ಬಿಡ್ತೀರ."

ಅತ್ತೆ ಜಗಳಕ್ಕೆ ಬರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ನಾನಾ ಇಟ್ಟಿದ್ದು?" ಎಂದು ಕೇಳಿದರು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. ನಾನು ತಲೆ ತಗ್ಗಿಸಿ ಪಾತ್ರೆ ತಿಕ್ಕಿದೆ.

ಅವತ್ತಿನಿಂದ ಅವರು ಹೊಸ್ತಿಲು ದಾಟಲಿಲ್ಲ. ನೀರು ಬೇಕಾದರೂ ಆಚೆ ನಿಂತು, "ಒಂದು ಲೋಟ ನೀರು ಕೊಡ್ತೀಯಾ ಶಿಲ್ಪಾ?" ಎನ್ನುವರು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಹನ್ನೊಂದು ದಿನ ತಳ್ಳಿದೆ.

ಹನ್ನೆರಡನೆಯ ದಿನ ಗುರುವಾರ. ಹಿಂದಿನ ಸಂಜೆ ಅತ್ತೆ ಕೂತು ಅವರೆಕಾಯಿ ಸುಲಿದು, "ನಾಳೆ ರೊಟ್ಟಿಗೆ ಹಾಕ್ತೀಯಾ?" ಎಂದು ಆಸೆಯಿಂದ ಕೇಳಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಇಂಜೆಕ್ಷನ್ ಕೊಡುವವಳು ನಾನೇ. ಕೊಟ್ಟ ಅರ್ಧ ಗಂಟೆಯೊಳಗೆ ಹೊಟ್ಟೆಗೆ ತಿಂಡಿ ಬೀಳಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಅಪಾಯ ಎಂದು ಡಾಕ್ಟರು ಹತ್ತು ಸಲ ಹೇಳಿದ್ದರು. ಗಂಡ ಆರೂವರೆಗೇ ನೆಲಮಂಗಲದ ಗೋದಾಮಿನ ಕೆಲಸಕ್ಕೆ ಹೋಗಿದ್ದ, ಮಗಳು ಸ್ಕೂಲಿಗೆ. ನಾನು ಎಂಟು ಗಂಟೆಗೆ ಇಂಜೆಕ್ಷನ್ ಕೊಟ್ಟು, ಹಿಟ್ಟು ಕಲಸಿ, ಕಾವಲಿಯನ್ನು ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಕರೆಂಟ್ ಬಂತು.

ಹಿಂದಿನ ಸಂಜೆಯಿಂದ ಕರೆಂಟಿರಲಿಲ್ಲ. ನಮ್ಮ ಬೀದಿಯಲ್ಲಿ ಕರೆಂಟ್ ಬಂದರೆ ಉಣ್ಣುತ್ತಾ ಕೂತವರೂ ಕೈ ತೊಳೆದು ಮಗ್ಗಕ್ಕೆ ಓಡುತ್ತಾರೆ. ಮತ್ತೆ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು? ಮಗ್ಗದ ಮೇಲೆ ಮದುವೆ ಹೆಣ್ಣಿನ ಸೀರೆ ಬೇರೆ ಇತ್ತು, ಮಧ್ಯಾಹ್ನಕ್ಕೆ ಕೊಡಬೇಕಾಗಿತ್ತು.

"ಐದೇ ನಿಮಿಷ ಅತ್ತೆ, ಬಂದೆ," ಎಂದು ಒಲೆ ಆರಿಸಿ ಓಡಿದೆ.

ಸೆರಗಿನ ಹತ್ತಿರ ಎಳೆ ಕಡಿಯಿತು. ಗಂಟು ಹಾಕಿದೆ. ಮತ್ತೆ ಕಡಿಯಿತು, ಮತ್ತೆ ಹಾಕಿದೆ. ಮಗ್ಗ ಓಡುವಾಗ ಪಕ್ಕದಲ್ಲಿ ನಿಂತು ಅರಚಿದರೂ ಕೇಳಿಸುವುದಿಲ್ಲ. ನಾನು ಗಡಿಯಾರ ನೋಡಲೇ ಇಲ್ಲ.

ಪಕ್ಕದ ಮನೆಯ ಅನ್ವರ್ ಬೇಗಂ ಕರಿಬೇವು ಕೇಳಲು ಬಂದವರು ನನ್ನ ರಟ್ಟೆ ಹಿಡಿದು ಎಳೆದರು. "ಅರೆ ಅಲ್ಲಾ, ಶಿಲ್ಪಾ! ಬೇಗ ಬಾ, ನಿಮ್ಮತ್ತೇನ ನೋಡು!"

ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದರು. ಮಡಿಲಲ್ಲಿ ಖಾಲಿ ತಟ್ಟೆ. ಮೈ ಬೆವರಿನಿಂದ ಒದ್ದೆಯಾಗಿ ಕಣ್ಣು ಮೇಲಾಗಿತ್ತು. ಒಳಗೆ ನಾಲ್ಕೇ ಹೆಜ್ಜೆ ದೂರದಲ್ಲಿ ಕಲಸಿದ ಹಿಟ್ಟಿತ್ತು, ಕೈಗೆಟುಕುವ ಗೂಡಿನಲ್ಲಿ ಸಕ್ಕರೆ ಡಬ್ಬಿ ಇತ್ತು. ಅವರ ಕಾಲೆರಡೂ ಹೊಸ್ತಿಲಿನಿಂದ ಈಚೆಗೇ ಇದ್ದವು.

ಅನ್ವರ್ ಬೇಗಂ ಒಂದೇ ನೆಗೆತಕ್ಕೆ ಒಳಗೆ ಹೋಗಿ, ಸಕ್ಕರೆ ತಂದು ಅತ್ತೆಯ ದವಡೆಗೆ ತಿಕ್ಕಿದರು. ಅವರ ಯಜಮಾನರು ಮುನಾವರ್ ಪಾಷಾ ಆಟೊದಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಗ್ಲೂಕೋಸ್ ಏರಿಸಿದ ಮೇಲೆ ಅತ್ತೆ ಕಣ್ಣು ಬಿಟ್ಟರು. ಅಷ್ಟರಲ್ಲಿ ನನ್ನ ಗಂಡನೂ ಓಡಿ ಬಂದಿದ್ದ.

"ಇಂಜೆಕ್ಷನ್ ಆದ್ಮೇಲೆ ಯಾಕೆ ತಿಂಡಿ ತಿನ್ಲಿಲ್ಲ?" ಡಾಕ್ಟರು ಯಾರನ್ನೂ ನೋಡದೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬೆಚ್ಚಿಬಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು.

"ನಂದೇ ತಪ್ಪು ಡಾಕ್ಟ್ರೇ. ಮಗ್ಗದ ಕೋಣೆಗೆ ಹೋಗಿ ಹೇಳ್ಬೇಕಿತ್ತು, ಮರ್ತು ಕೂತ್ಬಿಟ್ಟೆ. ನಂಗೆ ಮರೆವು ಶುರುವಾಗಿದೆ. ಮೊನ್ನೆ ಒಲೆ ಮೇಲೆ ಹಾಲಿಟ್ಟು ಹೊರಗೆ ಬಂದ್ಬಿಟ್ಟಿದ್ದೆ. ಇಟ್ಟಿದ್ದೇ ಜ್ಞಾಪಕ ಇಲ್ಲ ನೋಡಿ. ನಮ್ಮವ್ವಂಗೂ ಹಿಂಗೇ ಶುರುವಾಗಿದ್ದು. ಕೊನೆಗೆ ನನ್ನ ಗುರುತೂ ಸಿಗ್ಲಿಲ್ಲ ಅವ್ಳಿಗೆ."

ಬೆಂಗಳೂರಿನಲ್ಲಿ ಮರೆವಿನ ಡಾಕ್ಟರಿಗೆ ತೋರಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಗಂಡ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನಿದ್ದಿದ್ದಕ್ಕೆ ಅಮ್ಮ ಉಳೀತು," ಎಂದ. ನಾನು ಆಗಲೂ ಬಾಯಿ ಬಿಡಲಿಲ್ಲ. ಎಂಥ ಹೆಂಗಸು ನಾನು!

ಮನೆಗೆ ಬಂದ ಮೇಲೆ ಅತ್ತೆ ಹೊಸದೊಂದು ಅಭ್ಯಾಸ ಮಾಡಿಕೊಂಡರು. ಎದ್ದ ಕೂಡಲೇ, "ಇವತ್ತು ಶನಿವಾರ ಅಲ್ವಾ?" ಎಂದು ಸಿಂಚನಳನ್ನು ಕೇಳುವರು. ಸೆರಗಿಗೆ ಗಂಟು ಹಾಕಿಕೊಂಡು, ಅದು ಯಾತಕ್ಕೆ ಹಾಕಿದ್ದೆಂದು ಸಂಜೆ ನೆನಪು ಮಾಡಿಕೊಳ್ಳುವರು. ನಮ್ಮೆಲ್ಲರ ಹೆಸರನ್ನು ಮೆಲ್ಲಗೆ, ಒಬ್ಬರಾದ ಮೇಲೊಬ್ಬರದು, ಹೇಳಿಕೊಳ್ಳುವರು. ಭಾನು, ಶಿಲ್ಪ, ಸಿಂಚನ. ಕೋಣೆಯಾಚೆ ನಿಂತು ಅದನ್ನು ಕೇಳಿಸಿಕೊಂಡೆ. ನನ್ನ ಹೆಸರು ಬಂದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬೆಂಗಳೂರಿಗೆ ಹೋಗಬೇಕಾದ ಬೆಳಿಗ್ಗೆ ಇಂಜೆಕ್ಷನ್ ಕೊಡಲು ಕೂತೆ. ಇನ್ನು ಆಗಲ್ಲ ಅನ್ನಿಸಿ ಸೂಜಿ ಕೆಳಗಿಟ್ಟೆ.

"ರೀ, ಇಲ್ಲಿ ಬನ್ನಿ. ಅತ್ತೆ, ನೀವೂ ಕೇಳಿ. ಅವತ್ತು ಹಾಲಿಟ್ಟಿದ್ದು ನಾನು. ಸಿಟ್ಟಿನಲ್ಲಿ ಮರ್ತಿದ್ದೂ ನಾನೇ. ಸುಳ್ಳು ಹೇಳಿ ಅತ್ತೆ ಮೇಲೆ ಹಾಕ್ದೆ. ಗುರುವಾರ ಇಂಜೆಕ್ಷನ್ ಕೊಟ್ಟು, ತಿಂಡಿ ಕೊಡ್ದೆ ಮಗ್ಗಕ್ಕೆ ಹೋದವ್ಳೂ ನಾನೇ."

ಗಂಡ ನನ್ನನ್ನೇ ದಿಟ್ಟಿಸಿ ನೋಡಿದ. "ಥೂ ನಿನ್ನ! ನಮ್ಮಮ್ಮನ್ನ ಸಾಯಿಸ್ಬಿಡ್ತಿದ್ದೆಯಲ್ಲೇ!" ಎಂದು ಬೀದಿಗೆ ಎದ್ದುಹೋದ. ಆ ಮಾತಿಗೆ ನಾನು ತಯಾರಾಗಿದ್ದೆ. ಅತ್ತೆಯ ಕಡೆ ನೋಡಲು ಮಾತ್ರ ಧೈರ್ಯ ಸಾಲಲಿಲ್ಲ.

"ಹಂಗಾದ್ರೆ ನಂಗೆ ಮರೆವಿಲ್ವಾ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಹಾಲು ನಾನಿಟ್ಟಿದ್ದಲ್ವಾ? ನಿಜ ಹೇಳು, ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿಮ್ಮಾಣೆಗೂ ನೀವಲ್ಲ."

ತಲೆಯೆತ್ತಿ ನೋಡಿದರೆ ಅವರು ನಗುತ್ತಿದ್ದರು! ಒಂದು ಬೈಗುಳವಿಲ್ಲ, ಯಾಕೆ ಹಾಗೆ ಮಾಡಿದೆ ಎಂಬ ಒಂದು ಪ್ರಶ್ನೆಯಿಲ್ಲ. ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಮುಖ ಅರಳಿಸಿಕೊಂಡು ಸೆರಗಿನ ಗಂಟು ಬಿಚ್ಚಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ನಗು ನನ್ನನ್ನು ಕೊಂದುಹಾಕಿತು.

ನಾನು ಅಳುತ್ತಲೇ ಇಂಜೆಕ್ಷನ್ ಕೊಟ್ಟೆ. ಅವರು ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ಹೊಸ್ತಿಲ ಹತ್ತಿರ ನಿಂತರು. "ಬರ್ಲಾ?" ಎಂದು ಕೇಳಿದರು. ಅವರದೇ ಮನೆ, ಅವರದೇ ಒಲೆ. ನಾನು ಅವರ ಕೈ ಹಿಡಿದು ಒಳಗೆ ಕರೆದುಕೊಂಡೆ.

ಅವರೆಕಾಳು ಹಾಕಿ ಎರಡು ರೊಟ್ಟಿ ತಟ್ಟಿದರು. ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿ, "ಅತ್ತಿದ್ದು ಸಾಕು, ತಿನ್ನು. ಕರೆಂಟ್ ಬಂದ್ಬಿಡುತ್ತೆ," ಎಂದರು. ನಾನು ಅದನ್ನು ಅವರ ತಟ್ಟೆಗೆ ಹಾಕಿ, ಅವರು ತಿನ್ನುವುದನ್ನೇ ಕಾಯುತ್ತಾ ಕೂತೆ.

ಅತ್ತೆ ಕೂರಲಿಲ್ಲ. ಗ್ಯಾಸಿನ ಗುಂಡಿ ಮುಟ್ಟಿ ನೋಡಿದರು. ಎರಡು ಹೆಜ್ಜೆ ಬಂದವರು ವಾಪಸ್ ಹೋಗಿ ಇನ್ನೊಮ್ಮೆ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆಫ್ ಮಾಡಿದೀನಿ ಅಲ್ವಾ ಶಿಲ್ಪಾ? ನೀನೂ ಒಂದ್ಸಲ ನೋಡ್ಬಿಡು."