ನಲವತ್ತು ದೊಡ್ಡದೋ, ಮೂವತ್ತೋ

ರೊಟ್ಟಿ ಅರ್ಧ ಬಡಿದಾಗಿತ್ತು, ಅಂಚು ಇನ್ನೂ ದಪ್ಪಗಿತ್ತು. ಹೊರಗಿನ ಕೋಣೆಯಲ್ಲಿ ಮಗಳ ಮಾತು ಶುರುವಾದದ್ದು ಕೇಳಿ ಶಿವಕುಮಾರಿ ಕೈಯನ್ನು ಹಗುರ ಮಾಡಿದಳು. ಜೋರಾಗಿ ಬಡಿದರೆ ಬೇರೆ ಏನೂ ಕೇಳುತ್ತಿರಲಿಲ್ಲ. ಮೆಲ್ಲಗೆ ಬಡಿದರೆ ರೊಟ್ಟಿ ಕೆಡುತ್ತಿತ್ತು. ಕೆಟ್ಟರೆ ಕೆಡಲಿ, ಈ ಮಾತು ಕೇಳಬೇಕಿತ್ತು.

ಮನೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಗಿತ್ತು. ಅದೇ ಹೊತ್ತಿಗೆ ಪರೇಲಿನ ಒಂದು ಕಚೇರಿ ಮಗಳು ರಂಜನಾಳಿಗೆ ಪರೀಕ್ಷೆಯ ಕೆಲಸ ಕೊಟ್ಟಿತ್ತು. ಹಳೆಯ ಮಿಲ್ಲಿನ ಜಾಗದಲ್ಲಿ ಏಳಲಿರುವ ಟವರಿನ ಒಳಗನ್ನು, ಸೋಫಾ, ಗಿಡ, ಹೊಳೆಯುವ ನೆಲದ ಸಮೇತ, ಕಟ್ಟುವ ಮೊದಲೇ ಕಟ್ಟಿದಂತೆ ಕಂಪ್ಯೂಟರಿನಲ್ಲಿ ತೋರಿಸಬೇಕು. ಒಪ್ಪಿಗೆಯಾದರೆ ನೌಕರಿ. ಆದರೆ ಅದೇ ಕಂಪ್ಯೂಟರಿನಲ್ಲಿ ಅವಳ ತಮ್ಮ ಅಕ್ಷಯ ಕಾಲೇಜಿನಿಂದ ಬಂದವನೇ ಗೇಮ್ ಆಡುತ್ತಿದ್ದ. ಹೀಗಾಗಿ ಯಾವ ಕಾರ್ಡು ತರಬೇಕೆನ್ನುವುದು ಪಂಚಾಯಿತಿಗೆ ಬಂದಿತ್ತು. ಪಂಚ ಒಬ್ಬನೇ, ಶಿವಕುಮಾರಿಯ ಗಂಡ ಶಿವಪುತ್ರಪ್ಪ.

"ಥರ್ಟಿ-ಸಿಕ್ಸ್ಟಿ ಕಾರ್ಡು ಸ್ವಲ್ಪ ಹಳೇದು ಅಪ್ಪಾ," ರಂಜನಾ ಹೇಳುತ್ತಿದ್ದಳು. "ಆದ್ರ ಅದರಾಗ ಹನ್ನೆರಡು ಜಿಬಿ ಮೆಮರಿ ಅದ. ಫೋರ್ಟಿ-ಸಿಕ್ಸ್ಟಿ ಹೊಸಾದು, ಸ್ಪೀಡ್ ಜಾಸ್ತಿ, ಖರೆ. ಮೆಮರಿ ಎಂಟೇ ಜಿಬಿ. ನನ್ನ ಸೀನ್ ಎಂಟರಾಗ ಹಿಡಿಯಂಗಿಲ್ಲ."

"ಗೇಮ್‌ದಾಗ ಫೋರ್ಟಿ ಎಷ್ಟು ಮುಂದ ಅದ, ಅದನ್ನ ಹೇಳಾಂಗಿಲ್ಲ ನೋಡ್ರಿ ಇಕಿ," ಅಕ್ಷಯ ನಡುವೆ ಬಾಯಿ ಹಾಕಿದ. "ಥರ್ಟಿ ಎಂಬತ್ತು ಫ್ರೇಮ್ ಕೊಟ್ರ ಇದು ನೂರು ಕೊಡ್ತದ. ಮ್ಯಾಲೆ ಫ್ರೇಮ್ ಜನರೇಶನ್ ಬೇರೆ. ಥರ್ಟಿದಾಗ ಅದು ಹೈ ಹೀ ನಹೀ."

"ಹೇಳ್ದೆನಲ್ಲೋ, ಸ್ಪೀಡ್ ಜಾಸ್ತಿ ಅಂತ."

"ನಿನ್ನ ಸೋಫಾ ಎದ್ದು ಓಡ್ತಾವೇನು? ಕುಂತಲ್ಲೇ ಕುಂತಿರ್ತಾವ. ಅದಕ್ಯಾಕ ಹನ್ನೆರಡು ಜಿಬಿ?"

ಶಿವಪುತ್ರಪ್ಪ ನಕ್ಕ. ಆಮೇಲೆ ಗಂಭೀರನಾಗಿ ಕೇಳಿದ, "ಕರೆಂಟ್ ಯಾವುದು ಜಾಸ್ತಿ ತಿಂತದ?"

ರಂಜನಾ ಇದ್ದದ್ದನ್ನೇ ಹೇಳಿದಳು. "ಥರ್ಟಿ. ನೂರಾ ಎಪ್ಪತ್ತು ವ್ಯಾಟ್. ಫೋರ್ಟಿ ನೂರಾ ಹದಿನೈದು."

ಒಳಗೆ ಶಿವಕುಮಾರಿ ಹಲ್ಲು ಕಚ್ಚಿದಳು. ಒಂದು ಸುಳ್ಳು ಹೇಳಲೂ ಬಾರದಲ್ಲ ಈ ಹುಡುಗಿಗೆ!

"ಮುಗೀತಲ್ಲ ಮತ್ತ. ನಲವತ್ತು ದೊಡ್ಡದೋ, ಮೂವತ್ತು ದೊಡ್ಡದೋ? ಹೊಸಾದು, ಜೋರು, ಲೈಟ್ ಬಿಲ್ ಕಡಿಮಿ. ನೀ ಏನು, ಇವತ್ತಲ್ಲ ನಾಳೆ ಲಗ್ನ ಆಗಿ ಹೋಗಾಕಿ. ಕಂಪ್ಯೂಟರ್ ಇಲ್ಲೇ ಇರ್ತದ."

ಮಗಳು ತಿರುಗಿ ಏನಾದರೂ ಅಂದಾಳೆಂದು ಶಿವಕುಮಾರಿ ಕಾದಳು. ಆಮೇಲೆ ಕೇಳಿತು:

"ನಡೀತದ ಬಿಡ್ರಿ. ನನಗ ಯಾವುದಾದ್ರೂ ನಡೀತದ."

ಆ ಮಾತು ಶಿವಕುಮಾರಿಯದು. ಮುಂಬಯಿಗೆ ಬಂದ ಹೊಸದರಲ್ಲಿ ಹಿಂದಿಯ ಚಲೇಗಾ, ಮರಾಠಿಯ ಚಾಲೇಲ್ ಕಲಿಯಲು ಅವಳಿಗೆ ಕಷ್ಟವೇ ಆಗಿರಲಿಲ್ಲ. ಊರಿನಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದದ್ದೇ ಆ ನಡೀತದ. ಘಾಟ್ಕೋಪರಿನ ಈ ಸಾಲುಮನೆಗಳ ಚಾಳಿಗೆ ಬಂದಾಗ ಎರಡು ಖೋಲಿಮನೆ ಖಾಲಿ ಇದ್ದವು. ಒಂದಕ್ಕೆ ಅಡುಗೆ ಮಾಡುವಲ್ಲಿ ಕಿಟಕಿ, ಇನ್ನೊಂದಕ್ಕೆ ಮುಂದಿನ ಕೋಣೆಯಲ್ಲಿ. ಯಾವುದು ತಗೊಳ್ಳೋಣ ಎಂದು ಗಂಡ ಕೇಳಿದ್ದ. ಮುಂದಿನ ಕಿಟಕಿಯ ಕೆಳಗೆ ಮಂಚ ಹಿಡಿಯುವುದೋ ಎಂದು ಆತನ ಕಣ್ಣು ಆಗಲೇ ಅಳೆಯುತ್ತಿತ್ತು. ಅವಳು ಯಾವುದಾದ್ರೂ ನಡೀತದ ಎಂದಿದ್ದಳು. ಅಂದಿನಿಂದ ಕಿಟಕಿಯಿಲ್ಲದ ಈ ಗೋಡೆಗೆ ಮುಖ ಕೊಟ್ಟು, ಕತ್ತಿನ ಬೆವರು ಬೆನ್ನಿಗಿಳಿಸಿಕೊಂಡು ರೊಟ್ಟಿ ಬೇಯಿಸುತ್ತಿದ್ದಾಳೆ. ಕೇಳಲಿಲ್ಲವೆಂದು ಆತನನ್ನು ದೂರುವಂತೆಯೂ ಇಲ್ಲ. ಆ ಮಾತಿನ ವಿಷವೇ ಅದು. ಕೇಳಿದವರಿಗೆ ಪುಣ್ಯ, ಹೇಳಿದವಳಿಗೆ ಬೇಗೆ.

ಮಗಳಿಗೆ ಅದನ್ನು ಅವಳು ಕಲಿಸಿರಲಿಲ್ಲ. ಎದೆಹಾಲಿನಲ್ಲಿ ಹೋಗಿತ್ತೋ ಏನೋ.

ರಂಜನಾ ನೀರು ಕುಡಿಯಲು ಒಳಗೆ ಬಂದಳು.

"ಯಾಕ ಹಂಗಂದಿ?" ಶಿವಕುಮಾರಿ ದನಿ ತಗ್ಗಿಸಿ ಕೇಳಿದಳು.

"ಎಷ್ಟಂತ ಜಗಳಾಡ್ಲಿ ಅವ್ವಾ."

"ಎಂಟರಾಗ ಖರೇನೇ ಆಗಂಗಿಲ್ಲೇನು?"

"ಹಿಟ್ಟು ನಾದೋ ಪರಾತ ಸಣ್ಣದಿದ್ರ ನಿನ್ನ ಕೈ ಎಷ್ಟು ಚುರುಕಿದ್ರೇನು? ಹಿಟ್ಟು ಹೊರಗ ಚೆಲ್ತದ. ನನ್ನ ಸೀನ್ ಅರ್ಧಕ್ಕ ನಿಲ್ತದ. ಗಿಡ ತೆಗೀಬೇಕು, ನೆಲದ ಹೊಳಪು ತೆಗೀಬೇಕು. ಅಂಥಾದ್ದು ಒಯ್ದು ಕೊಟ್ರ ಥ್ಯಾಂಕ್ಯೂ ಅಂದು ಕಳಸ್ತಾರ, ಅಷ್ಟ." ಲೋಟ ತೊಳೆದು ಬೋರಲು ಹಾಕಿ ಅವಳು ನಕ್ಕಳು. "ಇರ್ಲಿ, ಅಡ್ಜಸ್ಟ್ ಮಾಡ್ತೀನಿ."

ಅತ್ತಿದ್ದರೆ ತಾಯಿಗೆ ಇಷ್ಟು ಉರಿಯುತ್ತಿರಲಿಲ್ಲ.

"ಏ ಇಕಿ," ಹೊರಗಿನಿಂದ ಶಿವಪುತ್ರಪ್ಪ ಹೆಂಡತಿಯನ್ನು ಕೂಗಿದ. "ನಾಳೆ ಗ್ರಾಂಟ್ ರೋಡಿನ ಖಾನಾವಳಿಗೆ ರೊಟ್ಟಿ ಕೊಡ್ಲಿಕ್ಕೆ ಹೋಗ್ತಿಯಲ್ಲ, ಬಾಜೂಕೇ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡು. ಕಾರ್ಡು ತಗೊಂಡೇ ಬಾ. ನನಗ ಡ್ಯೂಟಿ ಅದ, ಇವಗ ಪರೀಕ್ಷಾ, ರಂಜೂಗ ಟ್ಯೂಶನ್ ಹುಡುಗ್ರು."

ಶಿವಕುಮಾರಿ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಅಂಗಡ್ಯಾವಗ ಫೋನ್ ಮಾಡೀನಿ," ಎಂದ ಅಕ್ಷಯ. "ಎರಡೂ ಅದಾವ ಅಂದಾನ. ನೀ ಹೋಗಿ ಫೋರ್ಟಿ-ಸಿಕ್ಸ್ಟಿ ಅಂದ್ರ ಸಾಕು. ಎಲ್ಲಿ, ಅನ್ನು ನೋಡೋಣ."

"ಪಾರ್ಟಿ ಸಿಸ್ಟಿ."

ಅಕ್ಷಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಪ್ಪಾ, ಇಕಿ ಅಲ್ಲಿ ಹೋಗಿ ಯಾವ ಪಾರ್ಟಿ ಸೇರ್ತಾಳೋ ಏನೋ!" ರಂಜನಾಳೂ ನಕ್ಕಳು.

"ತಪ್ಪಿ ಥರ್ಟಿ ಅಂದ್ಗಿಂದೀ, ಹುಷಾರ್," ಎಂದ ಶಿವಪುತ್ರಪ್ಪ. "ಡಬ್ಬಿ ಒಡೆದ ಮ್ಯಾಲೆ ಅಂವ ವಾಪಸ್ ತಗೊಳ್ಳಂಗಿಲ್ಲ."

"ಇನ್ನೊಮ್ಮೆ ಅನ್ನು ಅವ್ವಾ," ಎಂದ ಅಕ್ಷಯ.

ಮೊದಲ ಸಲ ನಾಲಿಗೆ ಹೊರಳದಿದ್ದದ್ದು ನಿಜ. ಈಗ ಸರಿಯಾಗಿ ಬರುತ್ತದೆಂದು ಅವಳಿಗೆ ಗೊತ್ತಾಗಿತ್ತು. ಆದರೂ "ಪಾರ್ಟಿ ಸಿಸ್ಟಿ" ಎಂದೇ ಅಂದಳು. ಮತ್ತೆ ನಗೆ.

ನಾಳೆ ಆ ಕೌಂಟರಿನ ಮುಂದೆ ಅವಳು ಥರ್ಟಿ-ಸಿಕ್ಸ್ಟಿ ಎನ್ನುವವಳಿದ್ದಳು. ತೊದಲದೆ. ಅಲ್ಲೇ ಡಬ್ಬಿ ಒಡೆಸಿ, ಸರಿಯಾಗಿ ನೋಡಿ ಕೊಡಪ್ಪಾ ಎನ್ನುವವಳಿದ್ದಳು. ಮನೆಗೆ ಬಂದಮೇಲೆ ಬೈಗಳು ಬರುತ್ತವೆ, ಬರಲಿ. ದಡ್ಡಿ, ಹಳ್ಳಿಗುಗ್ಗು ಎಂದು ಗಂಡ ಚಾಳಿಗೆಲ್ಲ ಕೇಳುವಂತೆ ಕೂಗಲಿ. ಬೇಕು ಎಂದು ಬಾಯಿಬಿಟ್ಟು ಕೇಳಿದರೆ ಈ ಮನೆಯಲ್ಲಿ ಸಿಗುವುದಿಲ್ಲ. ತಪ್ಪಾಗಿ ಬಂದದ್ದು ಮಾತ್ರ ಉಳಿದುಕೊಳ್ಳುತ್ತದೆ. ರಂಜನಾಳಿಗೂ ಹೇಳುವಂತಿಲ್ಲ. ಹೇಳಿದರೆ ಆ ಸತ್ಯವಂತೆ ಅಪ್ಪನೆದುರು ಹೋಗಿ ನಿಲ್ಲುತ್ತಾಳೆ. ಅವ್ವನ ದಡ್ಡತನದಿಂದ ತನ್ನ ಅದೃಷ್ಟ ತೆರೆಯಿತೆಂದು ಅವಳೂ ನಂಬಿಕೊಂಡು ಹೋಗಲಿ.

ಶಿವಕುಮಾರಿ ಒಳಗೆ ಹೋಗಿ ಮತ್ತೆ ಹಿಟ್ಟಿಗೆ ಕೈಹಾಕಿದಳು, ರಂಜನಾ ಹಿಂದೆಯೇ ಬಂದಳು. ಪಾಪ ಅನಿಸಿತ್ತೇನೋ, ತಾಯಿಯ ಹಿಟ್ಟಿನ ಕೈ ಹಿಡಿದು ನಾಲ್ಕು ಬೆರಳು ಬಿಡಿಸಿದಳು. "ಇಲ್ಲಿ ನೋಡವ್ವಾ, ಮರೀಬ್ಯಾಡ. ನಾಲ್ಕು, ಮುಂದ ಸೊನ್ನೆ. ಫೋರ್ಟಿ. ನಾಲ್ಕು ಇದ್ದದ್ದನ್ನೇ ಕೇಳಬೇಕು, ಹಾಂ?"

"ಹೂಂ," ಎಂದಳು ಶಿವಕುಮಾರಿ.