ಮುಚ್ಚಳ ತೆರೆದೇ ತಿರುಗಿದ ಯಂತ್ರ

ಚೆನ್ನೈಯ ಅಂಬತ್ತೂರಿನ ಕಾರ್ಖಾನೆಗಳ ನಡುವೆ ಕಿಟ್ಟಣ್ಣನ ಹೋಟೆಲು. ಬೆಳಿಗ್ಗೆ ಪೂರಿ, ಮಧ್ಯಾಹ್ನ ಚಪಾತಿ. ಶಿಫ್ಟು ಬಿಟ್ಟ ಜನ ಒಮ್ಮೆಲೇ ನುಗ್ಗುತ್ತಾರೆ. ಹಿಟ್ಟು ಕಲಸಿ ಕಲಸಿ ಭೋಜರಾಜನ ಭುಜ ಸೋತುಹೋಗಿತ್ತು. ಮನೆಗೆ ಬಂದರೆ ತುತ್ತು ಎತ್ತುವುದೂ ಕಷ್ಟ. ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಅವನ ಹೆಂಡತಿ ವಾಸಂತಿ ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಹಾಗಾಗಿ ಚೀನಾದಿಂದ ಹಡಗಿನಲ್ಲಿ ಬಂದ ಹಿಟ್ಟು ಕಲಸುವ ಯಂತ್ರವನ್ನು ಕಿಟ್ಟಣ್ಣ ತಂದು ನಿಲ್ಲಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಯಂತ್ರವೇನೋ ಒಳ್ಳೆಯದು. ಜಾಲರಿ ಮುಚ್ಚಳ ಎತ್ತಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಆದರೆ ನಡೆಸುವ ಬಗೆಯನ್ನು ಯಾರೂ ಬಂದು ಕಲಿಸಲಿಲ್ಲ. ಜೊತೆಗೆ ಬಂದ ಪುಸ್ತಕ ಚೀನೀ ಭಾಷೆಯದು.

ಕೆಲವೇ ತಿಂಗಳಲ್ಲಿ ಮುಚ್ಚಳದ ಸ್ವಿಚ್ಚಿಗೆ ನೀರು ಇಳಿದು ಯಂತ್ರ ನಿಂತಿತು. ಮಾರಿದವರಿಗೆ ಫೋನ್ ಮಾಡಿದರೆ, "ಆ ಸ್ವಿಚ್ಚು ಇಲ್ಲಿ ಸಿಗಲ್ಲ, ಅಲ್ಲಿಂದಲೇ ಬರಬೇಕು" ಎಂದರು. ಬೀದಿಯ ಮೆಕ್ಯಾನಿಕ್ ಬಂದು ಸ್ವಿಚ್ಚಿನ ತಂತಿಗಳನ್ನು ಒಂದಕ್ಕೊಂದು ಸುತ್ತಿ ಕಟ್ಟಿದ. ಮುಚ್ಚಳ ತೆರೆದಿದ್ದರೂ ಯಂತ್ರ ತಿರುಗತೊಡಗಿತು.

ಅಲ್ಲಿ ದಿನಾ ತಿಂಡಿ ತಿನ್ನುವ ಭಾವನಾ ಹತ್ತಿರದ ಕಾರ್ಖಾನೆಗೆ ಹೊರದೇಶದ ಯಂತ್ರ ತರಿಸುವ ಕೆಲಸದಲ್ಲಿದ್ದಳು. ಕೈ ತೊಳೆಯಲು ಹೋದವಳು ಇದನ್ನು ಕಂಡು ಗಾಬರಿಯಾದಳು.

"ವಾಸಂತಿ ಅಕ್ಕಾ, ಇದನ್ನ ಹೀಗೆ ಓಡಿಸ್ಬೇಡಿ. ಕೈ ಎಳ್ಕೊಂಡ್ಬಿಡತ್ತೆ. ನಮ್ಮ ಕಂಪನೀಲಿ ಸ್ಪೇರ್ ಪಾರ್ಟು ಬರ್ಬೇಕು, ಕಲಿಸೋ ಆಳು ಬರ್ಬೇಕು, ಆಗ್ಲೇ ಮಿಷನ್ ತಗೊಳ್ಳೋದು. ಬರೀ ಕಬ್ಬಿಣ ಬಂದ್ರೆ ಸಾಲದು, ಅದರ ವಿದ್ಯೆನೂ ಬರ್ಬೇಕು. ಸ್ವಿಚ್ ಬರೋ ತನಕ ನಿಲ್ಸಿ, ಸರಿಯಾ?"

"ನಿಲ್ಸಿದ್ರೆ ಇವರ ಭುಜ ಎಂತ ಆಗ್ಬೇಕು ಮೇಡಂ?" ಎಂದಳು ವಾಸಂತಿ. "ಮತ್ತೆ ಕೈಯಲ್ಲೇ ಕಲಸ್ಬೇಕಲ್ಲ! ಇವ್ರು ಜಾಗ್ರತೆಯವ್ರು. ಎಂತದೂ ಆಗುದಿಲ್ಲ."

"ನಿಮ್ಮದೊಂದು ಇಲ್ಲದ ಹೆದರಿಕೆ ಮಾರಾಯ್ರೆ" ಎಂದು ಕಿಟ್ಟಣ್ಣ ನಕ್ಕ.

ಆ ಶನಿವಾರ ಹೋಟೆಲು ತುಂಬಿತ್ತು. ಅಂಚಿಗೆ ಅಂಟಿದ ಹಿಟ್ಟನ್ನು ಒಳಕ್ಕೆ ತಳ್ಳಲು ಭೋಜರಾಜ ತಿರುಗುತ್ತಿದ್ದ ಯಂತ್ರದೊಳಗೆ ಕೈ ಇಟ್ಟ. ಅವನ ಕೂಗು ಕೇಳಿ ವಾಸಂತಿ ಓಡಿದಳು. ಯಾವ ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕಿಟ್ಟಣ್ಣ ಬಂದು ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈ ಕೆಳಗೆ ಕತ್ತರಿಸಿದರು.

"ನಾನು ನಗಾಡಿದೆ ಅಲ್ವಾ..." ಎಂದು ಕಿಟ್ಟಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದ.

"ನಿಲ್ಸುದು ಬೇಡ ಅಂದದ್ದು ನಾನು" ಎಂದಳು ವಾಸಂತಿ.

ಭಾವನಾ ಬಂದಳು. ಬೈದರೆ ಬೈಯಲಿ ಎಂದು ವಾಸಂತಿ ಕಾದಳು. ಅವಳು ಬೈಯಲಿಲ್ಲ, ಪಕ್ಕದಲ್ಲಿ ಕೂತು ಅತ್ತಳು.

ಸ್ವಿಚ್ಚು ಆಮೇಲೆ ಬಂತು. ಹೆಬ್ಬೆರಳಿನಷ್ಟು ಗಾತ್ರದ್ದು. ಕಲಿಸುವವರೂ ಬಂದರು. ಕಿಟ್ಟಣ್ಣ ಈಗ ಕಲಿಯದವರನ್ನು ಯಂತ್ರದ ಹತ್ತಿರ ಬಿಡುವುದಿಲ್ಲ. ಭೋಜರಾಜ ಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ. ಮಗಳು ತೃಷಾ "ಅಪ್ಪಾ, ಸಾಪ್ಪಿಡು" ಎಂದು ತಮಿಳಿನಲ್ಲಿ ಊಟಕ್ಕೆ ಕರೆದು ತುತ್ತು ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಾನೆ.

ಮೊನ್ನೆ ಪಕ್ಕದ ಬೇಕರಿಗೂ ಯಾರೋ ಬಳಸಿ ಮಾರಿದ ಅಂಥದೇ ಯಂತ್ರ ಬಂತು. ಅದರ ಸ್ವಿಚ್ಚಿನ ತಂತಿಗಳನ್ನೂ ಆಗಲೇ ಸುತ್ತಿ ಕಟ್ಟಿದ್ದರು. ವಾಸಂತಿ ಹೋಗಿ, ಹೀಗೆ ಓಡಿಸಬೇಡಿ ಎಂದು ಕೈಮುಗಿದಳು. "ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದರು ಯಜಮಾನರು.

ಓದುವ ನೀವಾದರೂ ಅವಳ ಮಾತು ಕೇಳಿ. ಹೊರದೇಶದ ಯಂತ್ರ ಬೇಡವೆಂದಲ್ಲ. ಕೊಳ್ಳುವ ಮುಂಚೆ, ಕಲಿಸುವವರು ಯಾರು, ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ನೀವು ದುಡಿಯುವ ಕಡೆ ರಕ್ಷಣೆಯ ಸ್ವಿಚ್ಚಿನ ತಂತಿಗಳನ್ನು ಹೀಗೆ ಸುತ್ತಿ ಕಟ್ಟಿದ್ದರೆ ಇವತ್ತೇ ಆ ಯಂತ್ರ ನಿಲ್ಲಿಸಿ. ಬಿಡಿಭಾಗ ತಡವಾಗಿಯಾದರೂ ಹಡಗಿನಲ್ಲಿ ಬರುತ್ತದೆ. ಹೋದ ಕೈ ಯಾವ ದೇಶದಿಂದಲೂ ಬರುವುದಿಲ್ಲ.