ನಾಲ್ಕಕ್ಷರದ ಯಜಮಾನರು

ಪ್ಯೋ ಗಿಲ್‌ಸೊಪ್ ಅವರು ರಸ್ತೆಯಲ್ಲಿ ಒಂದೇ ಸಮನೆ ನಡೆದದ್ದನ್ನು ನಾನು ಕಂಡಿಲ್ಲ. ನಾಲ್ಕು ಹೆಜ್ಜೆ ಹಾಕುವರು, ನಿಲ್ಲುವರು, ತಲೆಯನ್ನು ಬಲಕ್ಕೆ ವಾಲಿಸಿ ನೆಲದೊಳಗಿನಿಂದ ಯಾರೋ ಕರೆದರೆಂಬಂತೆ ಕಿವಿಗೊಡುವರು, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಹೆಜ್ಜೆ ಕೀಳುವರು. ಡೇಜನ್ ನಗರದ ನೀರಿನ ಇಲಾಖೆಯಲ್ಲಿ ಕಬ್ಬಿಣದ ಸರಳನ್ನು ನೆಲಕ್ಕೂರಿ, ಅದರ ತುದಿಗೆ ಕಿವಿಯಿಟ್ಟು, ಎಲ್ಲಿ ಕೊಳವೆ ಸೋರುತ್ತಿದೆಯೆಂದು ಹುಡುಕುವುದೇ ಅವರ ಜೀವಮಾನದ ಕಸುಬಾಗಿತ್ತು. ನಿವೃತ್ತಿಯ ದಿನ ಸರಳು ಇಲಾಖೆಯಲ್ಲಿ ಉಳಿಯಿತು. ಕಿವಿ ಅವರೊಂದಿಗೆ ಮನೆಗೆ ಬಂತು. ಅದೇ ಇಲಾಖೆಯಲ್ಲಿ ಅವರ ಕೈಕೆಳಗಿದ್ದ ನನಗೆ ಅವರು ಅಂದಿನಿಂದಲೂ ಅಣ್ಣ.

ಕೆಲಸವಿಲ್ಲದ ಆ ಕಿವಿ ಮನುಷ್ಯರ ಕಡೆ ತಿರುಗಿದ್ದೇ ಎಲ್ಲಕ್ಕೂ ಮೂಲ. ನಮ್ಮಲ್ಲಿ ಮೊದಲು ಹೊಸಬರನ್ನು ಕಂಡರೆ ವಯಸ್ಸು ಕೇಳುತ್ತಿದ್ದರು, ಈಗ ನಾಲ್ಕಕ್ಷರ ಕೇಳುತ್ತಾರೆ. ಮೊಬೈಲಿನಲ್ಲಿ ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಮನುಷ್ಯಸ್ವಭಾವದ ಹದಿನಾರು ಬಗೆಗಳಲ್ಲಿ ನಿಮ್ಮದು ಯಾವುದೆಂದು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ತೀರ್ಪು ಬರುತ್ತದೆ. ಎರಡನೆಯ ಅಕ್ಷರದಲ್ಲೇ ಎಲ್ಲ ಜಗಳ. ಕಾಣದ್ದನ್ನು ಊಹಿಸುವವರು ಎನ್. ಕಣ್ಣೆದುರಿನದನ್ನು ನೋಡುವವರು ಎಸ್. ಅಣ್ಣನಿಗೆ ಬಂದದ್ದು ಎನ್. ಅದರಲ್ಲೂ ನೂರಕ್ಕೊಬ್ಬರು ಸಿಗುವುದೂ ಕಷ್ಟವೆಂದು ಜನ ಹೇಳಿಕೊಳ್ಳುವ ಅಪರೂಪದ ಬಗೆ. ಆ ಸಂಜೆಯೇ ಅವರು ತಮ್ಮಂಥವರಿಗಾಗಿ ‘ಮಂಜಿನಾಚೆಯ ದೀಪ’ ಎಂಬ ಗುಂಪನ್ನು ಮೊಬೈಲಿನಲ್ಲಿ ತೆರೆದರು. ಅಡ್ಮಿನ್ ಎಂದರೆ ಅವರಿಗೆ ಸಿಟ್ಟು, ಯಜಮಾನರೇ ಎನ್ನಬೇಕು. ಒಳಗೆ ಬರುವವರನ್ನು ತಾವೇ ಪ್ರಶ್ನಿಸಿ ಪರೀಕ್ಷಿಸುವರು. ಬಗೆ ತಪ್ಪಿ ಬಂದವರು, ಎಂದರೆ ಎನ್ ಅಲ್ಲದೆಯೂ ಎನ್ ಎಂದು ಒಳಬಂದವರು, ಸಿಕ್ಕಿಬಿದ್ದರೆ ಹೊರಗೆ, ಇದು ಅವರೇ ಬರೆದ ಮೊದಲ ನಿಯಮ. ನನ್ನನ್ನೂ ಪರೀಕ್ಷಿಸಿ, ಅಪ್ಪಟ ಎಸ್ ಎಂದು ತಿರಸ್ಕರಿಸಿ, ಹಳೆಯ ಸ್ನೇಹದ ಮುಲಾಜಿಗೆ ಬಿದ್ದು ಅತಿಥಿಯೆಂದು ಮೂಲೆಯಲ್ಲಿ ಕೂರಲು ಬಿಟ್ಟರು.

“ನೂರಕ್ಕೊಬ್ಬರಂತೆ!” ಎಂದು ಅವರ ಹೆಂಡತಿ ಕುಮೋಕ್ ಅತ್ತಿಗೆ ನನ್ನೆದುರೇ ಹಂಗಿಸುತ್ತಿದ್ದರು. “ಆ ಒಬ್ರು ನನ್ ಪಾಲಿಗೇ ಯಾಕ್ರೀ ಬರ್ಬೇಕಿತ್ತು? ಮಿಕ್ಕ ತೊಂಬತ್ತೊಂಬತ್ತು ಜನರ ಹಾಗೆ ಸುಮ್ನೆ ಕೂತು ಬೆಳ್ಳುಳ್ಳಿ ಸುಲೀರಿ.”

ಅಣ್ಣ ಸುಲಿಯುವರು, ಬಲು ಅಚ್ಚುಕಟ್ಟಾಗಿ. ಸುಲಿಯುತ್ತಲೇ, “ಇವಳದು ಎಸ್ ಮಾತು, ನೀನು ಮನಸ್ಸಿಗೆ ಹಚ್ಕೋಬೇಡ” ಎಂದು ನನಗೇ ಸಮಾಧಾನ ಹೇಳುವರು. ಇಷ್ಟವಾಗದ್ದೆಲ್ಲ ಅವರಿಗೆ ಎಸ್ ಮಾತು. ಬೆಲೆ ಕೇಳಿದರೆ ಎಸ್ ಮಾತು, ಬಸ್ಸಿನ ಹೊತ್ತು ಕೇಳಿದರೆ ಎಸ್ ಮಾತು. ತಮ್ಮದು ಮಾತ್ರ ಎಲ್ಲವೂ ಎನ್. “ನೆಲದಡಿ ಕಾಣದ ನೀರನ್ನ ಕೇಳಿಸ್ಕೊಂಡೋನು ಕಣಯ್ಯ ನಾನು! ಎಸ್ ಕೈಲಿ ಆಗೋ ಕೆಲ್ಸಾನಾ ಅದು?”

ಇನ್ನು ಅವರ ಕಂದು ಕೋಟಿನ ಮಾತು. ಚಳಿಗಾಲದಲ್ಲಿ ಮೈಮೇಲೆ, ಬೇಸಗೆಯಲ್ಲಿ ತೋಳಿನ ಮೇಲೆ, ಒಟ್ಟಿನಲ್ಲಿ ಕೋಟು ಬಿಟ್ಟು ಅವರಿಲ್ಲ. ಅದರ ಜೇಬುಗಳಲ್ಲಿ ಗಾಯದ ಪಟ್ಟಿ, ಹೊಟ್ಟೆನೋವಿನ ಗುಳಿಗೆ, ಕೈ ಬೆಚ್ಚಗಿಡುವ ಪೊಟ್ಟಣ, ಒಣಗಿದ ಕಾಲ್ಚೀಲ, ಶುಂಠಿ ಮಿಠಾಯಿ, ಸೂಜಿದಾರ. ಏನು ಕೇಳಿದರೂ ಹೊರಬರುತ್ತಿತ್ತು. ಇದೇನಣ್ಣ ಎಂದರೆ, “ಮುಂದೇನಾಗುತ್ತೋ ಅಂತ ಊಹೆ ಮಾಡ್ತೀನಲ್ಲ, ಅದು” ಎನ್ನುವರು. ಗುಂಪಿನಲ್ಲೂ ಅಷ್ಟೇ. ಬೆಳಗ್ಗೆ ಮನುಕುಲದ ಭವಿತವ್ಯದ ಬಗ್ಗೆ ಗಹನವಾದ ಚಿಂತನೆಯೊಂದನ್ನು ಬರೆದು, ಅದು ಯಾರಿಗಾದರೂ ಅರ್ಥವಾಗುವ ಮೊದಲೇ, “ಸೋಲ್ ನಗರದ ಕಡೆಯವರು ಕೊಡೆ ತಗೊಳ್ಳಿ, ಮಧ್ಯಾಹ್ನ ಮಳೆ” ಎಂದು ಸೇರಿಸುವರು. ಚಿಂತನೆಗೆ ಯಾರೂ ಉತ್ತರಿಸುತ್ತಿರಲಿಲ್ಲ. ಕೊಡೆಗೆ ಎಲ್ಲರೂ ಉತ್ತರಿಸುತ್ತಿದ್ದರು.

ಆ ಗುಂಪಿನಲ್ಲಿ ‘ಮೌನ ಸಮುದ್ರ’ ಎಂಬ ಹೆಸರಿನಲ್ಲಿ ಮಾ ಸೋಲ್ಬಿ ಎಂಬ ಹುಡುಗಿಯಿದ್ದಳು. ಇಕ್ಸಾನ್ ಊರಿನಲ್ಲಿ ಕಟ್ಟುಹಲ್ಲು ತಯಾರಿಸುವ ಕೆಲಸ. ಹಗಲೆಲ್ಲ ಅನ್ಯರ ಬಾಯಿಯ ಅಚ್ಚುಗಳೊಡನೆ ಕಳೆದು, ಒಂಟಿ ಕೋಣೆಗೆ ಮರಳಿ, ಇಡೀ ದಿನದ ಮಾತನ್ನು ಈ ಗುಂಪಿನಲ್ಲಿ ಆಡುತ್ತಿದ್ದಳು. “ನನಗೆ ಊಟ ಆಯ್ತಾ ಅಂತ ಕೇಳೋರು ಇಲ್ಲಿ ಮಾತ್ರ ಇದ್ದಾರೆ” ಎಂದು ಒಮ್ಮೆ ಬರೆದಿದ್ದಳು. ಕೇಳುತ್ತಿದ್ದವರು ಅಣ್ಣ ಒಬ್ಬರೇ ಎಂಬುದನ್ನು ಅವಳೂ ಗಮನಿಸಿರಲಿಲ್ಲ, ಅಣ್ಣನೂ ಗಮನಿಸಿರಲಿಲ್ಲ.

ಅವಳ ಮೇಲೆ ದೂರು ತಂದವನು ಬೋಂಗ್ ಜೇರ್ಯುನ್, ಮನಶ್ಶಾಸ್ತ್ರ ಓದುತ್ತಿದ್ದ ಚುರುಕು ನಾಲಗೆಯ ತರುಣ. ಮೌನ ಸಮುದ್ರ ಬರೆಯುವುದೆಲ್ಲ ಸಾರು, ಹಲ್ಲು, ಈರುಳ್ಳಿಯ ಬೆಲೆ. ಇವಳು ಬಗೆ ತಪ್ಪಿ ಬಂದ ಎಸ್. ನಿಯಮದಂತೆ ಹೊರಗೆ ಕಳಿಸಬೇಕು ಎಂದು ಎಲ್ಲರೆದುರು ಬರೆದ. ಅಣ್ಣ ಮೂರು ದಿನ ಊಟ ರುಚಿಸದೆ ಒದ್ದಾಡಿದರು. ಆ ನಿಯಮವನ್ನೇ ಅಳಿಸಿಬಿಡಿ ಎಂದು ನಾನು ಹೇಳಿದೆ. “ನಿಯಮ ಅಳಿಸೋದಾ!” ಎಂದು, ಕೊಳವೆಗಳನ್ನೆಲ್ಲ ಕಿತ್ತುಹಾಕಿ ಎಂದೆನೇನೋ ಎಂಬಂತೆ ನನ್ನನ್ನು ನೋಡಿದರು. ಕೊನೆಗೆ, ಬರಲಿದ್ದ ಸಮಾಗಮದಲ್ಲಿ ಮುಖತಃ ವಿಚಾರಣೆಯೆಂದು ಸಾರಿದರು.

ದೂರದೂರಿನ ರೈಲುಗಳೆಲ್ಲ ಕೂಡುವ ಊರು ನಮ್ಮದಾದ್ದರಿಂದ ಎಲ್ಲರೂ ಇಲ್ಲಿಗೇ ಬಂದರು. ನಿಲ್ದಾಣದ ಹಿಂದೆ ಅಜ್ಜಿಯೊಬ್ಬರು ನಡೆಸುವ ಹೋಟೆಲಿನಲ್ಲಿ, ಚಿಪ್ಪುಮೀನಿನ ಸಾರಿನಲ್ಲಿ ಕುದಿಸಿದ ಕೈಸೇವಿಗೆಯ ಕಾಲ್ಗುಕ್ಸು ತರಲು ಹೇಳಿ ನೆಲದ ಮೇಲೆ ಕುಳಿತೆವು. ಅಣ್ಣ ಬಾಗಿಲ ಬಳಿಯಿದ್ದು ಎಲ್ಲರಿಗಿಂತ ಕೊನೆಗೆ ಒಳಬಂದು, ಎಲ್ಲರ ಮುಂದೆ ಕಾಗದ ಹಾಸಿ ಚಮಚ ಇಟ್ಟರು, ನೀರು ಬಗ್ಗಿಸಿದರು, ಗಾಳಿಗೆ ಕೂತಿದ್ದ ಸೋಲ್ಬಿಯನ್ನು ಒಳಬದಿಗೆ ಕೂರಿಸಿ ಜೇಬಿನಿಂದ ಕೈ ಬೆಚ್ಚಗಿಡುವ ಪೊಟ್ಟಣ ತೆಗೆದುಕೊಟ್ಟರು. ಆಮೇಲೆ ಗಂಟಲು ಸರಿಪಡಿಸಿಕೊಂಡು ನ್ಯಾಯಾಧೀಶರಾದರು.

“ಪರೀಕ್ಷೇಲಿ ಸುಳ್ಳು ಬರೆದ್ಯಾಮ್ಮ?”

“ಸುಳ್ಳಲ್ಲ ಯಜಮಾನ್ರೇ,” ಎಂದಳು ಸೋಲ್ಬಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಅವುಚಿಕೊಂಡು. “ನಾನು ಹೇಗಿರ್ಬೇಕು ಅಂತ ಆಸೆ ಇತ್ತೋ ಹಾಗೆ ಒತ್ತಿದೆ. ಎಲ್ಲರೂ ಹಾಗೇ ಮಾಡ್ತಾರೆ ಅನ್ಕೊಂಡಿದ್ದೆ.”

ಅಣ್ಣ ಹೊಸಬರಿಗೆಲ್ಲ ಹಾಕುವ ತಮ್ಮ ಪ್ರಸಿದ್ಧ ಪ್ರಶ್ನೆಯನ್ನು ಹೊರತೆಗೆದರು. “ಈ ಹೋಟ್ಲಿಗೆ ಕಾಲಿಟ್ಟಾಗ ಮೊದಲು ನಿನ್ನ ಮನಸ್ಸಿಗೆ ಬಂದದ್ದೇನು?”

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವಳನ್ನು ಉಳಿಸಲೆಂದು ಮೆಲ್ಲಗೆ ಹೇಳಿಕೊಟ್ಟಳು: “ಕಾಲ ನಿಂತ ಹಾಗನ್ನಿಸ್ತು ಅನ್ನು.”

ಸೋಲ್ಬಿ ಒಲ್ಲೆನೆಂದು ತಲೆಯಾಡಿಸಿದಳು. “ಬೂಟು ಬಿಡೋ ಜಾಗ ಒದ್ದೆ ಇತ್ತು. ಜೇರ್ಯುನ್ ಅವರ ಬೂಟು ನೀರಲ್ಲೇ ಇತ್ತು. ತೆಗೆದಿಡೋಣ ಅನ್ಕೊಂಡೆ, ಅಷ್ಟರಲ್ಲಿ ನೀವೇ ತೆಗೆದು, ಒರೆಸಿ, ಮೇಲಿಟ್ರಿ. ಎಲ್ಲರ ಬೂಟನ್ನೂ ಹೋಗುವಾಗ ಸುಲಭವಾಗ್ಲಿ ಅಂತ ಮೂತಿ ಹೊರಗೆ ಮಾಡಿ ಜೋಡಿಸಿದ್ರಿ.”

“ಎಸ್,” ಎಂದರು ಅಣ್ಣ. ತೀರ್ಪು ಅಭ್ಯಾಸಬಲದಿಂದ ಬಾಯಿಂದ ಹೊರಬಿದ್ದಿತ್ತು. ಜೇರ್ಯುನ್ ಗೆದ್ದವನಂತೆ ಬೆನ್ನು ನೆಟ್ಟಗೆ ಮಾಡಿದ. ಆದರೆ ಅಣ್ಣನ ತಲೆ ನಿಧಾನವಾಗಿ ಬಲಕ್ಕೆ ವಾಲಿತು. ಅಷ್ಟು ವರ್ಷ ಬೀದಿಬೀದಿಯಲ್ಲಿ ನಾನು ಕಂಡ ಭಂಗಿ ಅದು. ಸಾರು ಕುದಿಯುವ ಸದ್ದನ್ನೂ ದಾಟಿ ಅವರು ಇನ್ನೇನನ್ನೋ ಆಲಿಸುತ್ತಿದ್ದರು.

“ಆ ನೀರನ್ನ ಬೇರೆ ಯಾರಾದ್ರೂ ಕಂಡ್ರಾ?” ಎಂದರು. ಯಾರೂ ಕಂಡಿರಲಿಲ್ಲ.

“ಹಾಗಾದ್ರೆ ಸೋರ್ತಾ ಇರೋದು ನಮ್ಮನೆ ಕೊಳವೇನೇ,” ಎಂದು ಅಣ್ಣ ಕೋಟಿಗೆ ಕೈಹಾಕಿ ಎದ್ದರು. “ಕಂಡದ್ದು ನಾವಿಬ್ರೇ. ನಾನೂ ಬಗೆ ತಪ್ಪಿ ಬಂದೋನೇ. ನಡಿಯಮ್ಮ.”

ಜೇರ್ಯುನ್ ಗಾಬರಿಬಿದ್ದ. “ಅಯ್ಯೋ, ಯಜಮಾನ್ರೇ! ಗುಂಪು ಕಟ್ಟಿದ್ದೇ ನೀವು. ನಿಯಮ ನಿಮಗಲ್ಲ!”

“ನನಗಲ್ಲದ ನಿಯಮ ಈ ಮಗೂಗ್ಯಾಕಪ್ಪ?”

ಮತ್ತೆ ನಾನು, ಅಣ್ಣಾ, ಈಗಲಾದರೂ ಅಳಿಸಿಬಿಡಿ, ಎಲ್ಲರೂ ಉಳಿಯಬಹುದು ಎಂದೆ. ಕಣ್ಣಲ್ಲಿ ನೀರಾಡುತ್ತಿದ್ದರೂ ಅಣ್ಣ ನಕ್ಕುಬಿಟ್ಟರು. “ಎಸ್ ಕಣಯ್ಯ ನಾನು! ಬರೆದ ನಿಯಮ ಬಿಡೋಕೆ ನನ್ನಿಂದ ಆಗುತ್ತಾ?” ಬಾಗಿಲಲ್ಲಿ ತಿರುಗಿ, “ಸಾರಿನ ತಳದಲ್ಲಿ ಮರಳಿರುತ್ತೆ, ಕೊನೇ ಗುಟುಕು ಕುಡೀಬೇಡಿ” ಎಂದು ಹೇಳಿ ಹೋದರು.

ಈಗ ಅವರಿಬ್ಬರೂ ಇರುವುದು ‘ಒಗೆದ ಬಟ್ಟೆ’ ಎಂಬ ಎಸ್‌ಗಳ ಗುಂಪಿನಲ್ಲಿ. ಅಲ್ಲಿ ಯಾರೂ ಮನುಕುಲದ ಬಗ್ಗೆ ಚಿಂತಿಸುವುದಿಲ್ಲ. ಊಟವಾಯಿತೇ ಎಂದು ಎಲ್ಲರೂ ಎಲ್ಲರನ್ನೂ ಕೇಳಿ, ಆಯಿತೆಂದು ಎಲ್ಲರೂ ಎಲ್ಲರಿಗೂ ಹೇಳುವಷ್ಟರಲ್ಲಿ ಮುಂದಿನ ಊಟದ ಹೊತ್ತಾಗುತ್ತದೆ. ಎಲೆಕೋಸಿನ ಉಪ್ಪಿನಕಾಯಿಯಾದ ಕಿಮ್ಚಿ ಹಾಕುವ ದಿನ ಸೋಲ್ಬಿ ಅಣ್ಣನ ಮನೆಗೇ ಬಂದಳು. “ಇವಳದು ಯಾವ ಅಕ್ಷರಾನೋ ನನಗ್ಗೊತ್ತಿಲ್ಲ,” ಎಂದರು ಅತ್ತಿಗೆ, ಹಸಿ ಎಲೆಯಲ್ಲಿ ಖಾರ ಸುತ್ತಿ ಅವಳ ಬಾಯಿಗೆ ತುರುಕುತ್ತ, “ಕೈ ಮಾತ್ರ ನಮ್ಮನೇದು.” ಹುಡುಗಿಯ ಕಣ್ಣಲ್ಲಿ ನೀರು ಬಂತು. ಖಾರವೆಂದು ಸುಳ್ಳು ಹೇಳಿದಳು.

ಅಣ್ಣ ಬದಲಾದರೆಂದು ಭಾವಿಸಬೇಡಿ. ಪಕ್ಷ ಬದಲಾಗಿದೆ, ಪಕ್ಷಪಾತ ಹಾಗೇ ಇದೆ. ಈಗ ಇಷ್ಟವಾಗದ್ದೆಲ್ಲ ಎನ್ ಮಾತು. ಹಳೆಯ ಗುಂಪಿನಲ್ಲಿ ನಾನಿನ್ನೂ ಅತಿಥಿ. ಅಲ್ಲೀಗ ಬಹಳ ಮೌನ. ಮೊನ್ನೆ ಜೇರ್ಯುನ್, “ಇವತ್ತು ಮಳೆ ಬರುತ್ತಾ?” ಎಂದು ಬರೆದಿದ್ದ, ಯಾರೂ ಉತ್ತರಿಸಿರಲಿಲ್ಲ. ಅಣ್ಣನಿಗೆ ತೋರಿಸಿದೆ. “ಕಿಟಕಿ ತೆಗೆದು ನೋಡೋಕಾಗಲ್ವಾ? ಎನ್ ಬುದ್ಧಿ!” ಎಂದು ಬೈದರು. ಬೈಯುತ್ತಲೇ ಎದ್ದು ಹೋಗಿ ಕಿಟಕಿಯಾಚೆ ಅಂಗೈ ಚಾಚಿದರು. “ಬರುತ್ತೆ. ಆ ಹುಡುಗನಿಗೆ ಕೊಡೆ ತಗೊಂಡು ಹೋಗೋಕೆ ಹೇಳು.”

ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಲೋಕವನ್ನು ಹದಿನಾರು ಗೂಡುಗಳಾಗಿ ಕೊರೆದು, ಎಲ್ಲಕ್ಕಿಂತ ಎತ್ತರದ ಗೂಡನ್ನು ತಮಗೆಂದು ಆರಿಸಿಕೊಂಡು, ಅದರಲ್ಲಿ ಒಂದು ಗಳಿಗೆಯೂ ಕೂರಲು ಪುರುಸೊತ್ತಿಲ್ಲದೆ ಉಳಿದ ಹದಿನೈದಕ್ಕೂ ಕಾಳು ನೀರು ಇಡುತ್ತ ಓಡಾಡುವವರು. ನೀವು ಯಾರೆಂದು ಅವರು ಹೇಳಿದರೆ ನಂಬಬೇಡಿ. ತಾವು ಯಾರೆಂದು ಹೇಳಿದರಂತೂ ನಂಬಲೇಬೇಡಿ. ಅವರ ಮನೆಯಿಂದ ಹೊರಡುವಾಗ ನಿಮ್ಮ ಬೂಟು ಯಾವ ಕಡೆಗೆ ಮುಖ ಮಾಡಿದೆಯೆಂದು ಮಾತ್ರ ಬಗ್ಗಿ ನೋಡಿ.